ಎರಡು ಸಲ ಮುಂದೆ ಹೋದ ಮದುವೆ

ನಮ್ಮಕ್ಕನ ಮದುವೆ ಎರಡು ಸಲ ಮುಂದೆ ಹೋಯಿತು. ಗಂಡು ಸಿಗದೆ ಅಲ್ಲ, ಗಂಡಿನ ಕಡೆಯವರು ತಕರಾರು ತೆಗೆದೂ ಅಲ್ಲ. ಬೇಕರಿ ಇಟ್ಟುಕೊಂಡಿದ್ದ ಆ ಮನುಷ್ಯ ಬಂಗಾರದಂಥವರು. ನಲವತ್ತು ದಾಟಿದ ನಮ್ಮಕ್ಕನಿಗಾಗಿ ಕಾದೂ ಕಾದೂ ಅವರ ತಲೆಯಲ್ಲಿ ಉಳಿದಿದ್ದ ನಾಲ್ಕು ಕೂದಲೂ ಉದುರಿದ್ದವು. ನಾನಂತೂ ಮದುವೆಗೆ ಮೊದಲೇ ಅವರನ್ನು ಭಾವ ಎಂದು ಕರೆಯಲು ಶುರುಮಾಡಿದ್ದೆ. ಮದುವೆಗೆ ಅಡ್ಡಗಾಲು ಹಾಕಿದ್ದು ಅಕ್ಕನ ನೌಕರಿ.

ಅಕ್ಕ ಇರುವುದು ಒಂದು ಸ್ಕ್ಯಾನಿಂಗ್ ಸಂಸ್ಥೆಯಲ್ಲಿ. ಅದಕ್ಕೆ ಊರೂರಿನಲ್ಲೂ ಶಾಖೆ. ಜನರ ತಲೆ, ಎದೆ, ಹೊಟ್ಟೆಗಳ ಚಿತ್ರಗಳೆಲ್ಲ ಕ್ಲೌಡ್‌ನಲ್ಲಿ, ಅಂದರೆ ಎಲ್ಲೋ ದೂರದಲ್ಲಿ ಬಾಡಿಗೆಗೆ ಹಿಡಿದ ಕಂಪ್ಯೂಟರುಗಳಲ್ಲಿ ಇರುತ್ತವೆ. ಅವು ಕಂಡಕಂಡವರ ಕಣ್ಣಿಗೆ ಬೀಳಬಾರದು. ಹಾಗೆ ಬೀಳದಂತೆ ನೋಡಿಕೊಳ್ಳುವುದು, ಎಲ್ಲವೂ ನಿಯಮದ ಪ್ರಕಾರವೇ ಇದೆಯೆಂದು ತಪಾಸಣೆಯವರಿಗೆ ತೋರಿಸಿಕೊಡುವುದು ಅಕ್ಕನ ಹೊಣೆ. ಆದರೆ ಒಂದೊಂದು ಶಾಖೆಯೂ ತನಗೆ ತೋಚಿದ ಕಡೆ ಜಾಗ ಹಿಡಿದು, ತನಗೆ ತೋಚಿದ ಹಾಗೆ ಪಾಸ್‌ವರ್ಡುಗಳ ಬೀಗ ಹಾಕಿಕೊಂಡಿತ್ತು. ತಪಾಸಣೆ ಬಂತೆಂದರೆ ಅಕ್ಕ ಬ್ಯಾಗು ಹಿಡಿದು ಬಸ್ಸು ಹತ್ತಬೇಕು. ಪ್ರತಿ ಶಾಖೆಯಲ್ಲೂ ಕೂತು, ಬೀಗ ಸರಿಯಿದೆಯೆಂದು ತೋರಿಸಲು ಪರದೆಯ ಫೋಟೊ ತೆಗೆಯಬೇಕು. ಆ ಶಾಖೆಯವರೋ, ನೆಂಟರು ಬರುವಾಗ ಮಾತ್ರ ಮನೆ ಗುಡಿಸುವ ಜಾತಿ. ಅಕ್ಕ ಕೊನೆಯ ಶಾಖೆ ಮುಗಿಸುವಷ್ಟರಲ್ಲಿ ಮೊದಲನೆಯವರು ಮತ್ತೆ ಎಲ್ಲವನ್ನೂ ಹರವಿಕೊಂಡಿರುತ್ತಿದ್ದರು.

ಮೊದಲ ಸಲ ಮದುವೆಯ ದಿನವೇ ತಪಾಸಣೆ ಬಂತು. ಎರಡನೆಯ ಸಲ, ಕೆಲಸ ಬಿಟ್ಟು ಹೋದವನೊಬ್ಬ ಇನ್ನೂ ತನ್ನ ಹಳೆಯ ಪಾಸ್‌ವರ್ಡ್ ಹಾಕಿ ಒಳಗೆ ಬರಬಹುದು ಎಂಬುದು ಮದುವೆಯ ಹಿಂದಿನ ದಿನ ಗೊತ್ತಾಯಿತು. ಅಕ್ಕ ಅತ್ತ ಓಡಿದಳು. ಭಾವ ತಮ್ಮ ಕೈಯಾರೆ ಮಾಡಿದ್ದ ಮದುವೆ ಕೇಕನ್ನು ಎರಡು ಸಲವೂ ಬೀದಿಯವರು ತಿಂದರು. ಅವರಿಗೇನು, ಮೂರನೆಯ ಸಲವೂ ಮುಂದೆ ಹೋಗಲಿ ಎಂದೇ ಆಸೆಪಡುತ್ತಿದ್ದರೇನೋ. ಅಮ್ಮ ಮಾತ್ರ, ನಿನ್ನ ಬೀಗಗಳನ್ನೇ ಕಟ್ಟಿಕೊಂಡು ಬಾಳು ಎಂದು ಹೇಳಿ ಅಕ್ಕನ ಜೊತೆ ಮಾತು ಬಿಟ್ಟಳು.

ಅದು ಅಕ್ಕನಿಗೆ ನಾಟಿತು. ಮರುದಿನವೇ ಮಾಲೀಕರ ಕೋಣೆಗೆ ಹೋಗಿ, ಎಲ್ಲ ಶಾಖೆಗಳನ್ನೂ ಒಂದೇ ಕಡೆಯಿಂದ ಕಾಯುವ ಸಾಧನ ಕೊಡಿಸದಿದ್ದರೆ ನನ್ನ ರಾಜೀನಾಮೆ ತಗೊಳ್ಳಿ ಎಂದು ಪಟ್ಟು ಹಿಡಿದಳು. ಮಾಲೀಕರು ಗೊಣಗಿದರು, ಕೊಡಿಸಿದರು.

ಆಮೇಲೆ ಎಲ್ಲ ಶಾಖೆಗಳ ಬೀಗಗಳೂ ಅಕ್ಕನ ಒಂದೇ ಪರದೆಗೆ ಬಂದವು. ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ನಿಯಮವನ್ನು ಒಂದು ಸಲ ಬರೆದರೆ ಸಾಕು, ಎಲ್ಲ ಕಡೆಯೂ ಲಾಗು. ತೀರಾ ಅಪಾಯದ ಬಾಗಿಲು ತೆರೆದರೆ ಯಾರನ್ನೂ ಕೇಳದೆ ಅದೇ ಮುಚ್ಚಿಬಿಡುತ್ತದೆ. ತಪಾಸಣೆಗೆ ಬೇಕಾದ ಸಾಕ್ಷಿಗಳನ್ನು ದಿನದಿನವೂ ತಾನೇ ಕೂಡಿಡುತ್ತದೆ. ಶಾಖೆಯವರು ಮೊದಮೊದಲು ಅದಕ್ಕೆ ಅತ್ತೆಕಣ್ಣು ಎಂದು ಹೆಸರಿಟ್ಟು ಬೈದರು. ಫೋಟೊ ತೆಗೆದು ಅಂಟಿಸುವ ಪೀಡೆ ತಪ್ಪಿದ ಮೇಲೆ ಅವರೇ ಅದರ ಗುಣಗಾನಕ್ಕೆ ನಿಂತರು. ನಂಬದವಳು ಅಕ್ಕ ಒಬ್ಬಳೇ. ಊಟಕ್ಕೆ ಕೂತಾಗಲೂ ಪರದೆಯ ಮೇಲೆ ಒಂದು ಕಣ್ಣು. ಕಾವಲಿಗೆ ಕಾವಲು ಕಾಯುವ ಇಂಥ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೂರನೆಯ ಸಲ ದಿನ ಗೊತ್ತಾಯಿತು. ಅವಳು ನೋಂದಣಿ ಪುಸ್ತಕಕ್ಕೆ ಸಹಿ ಹಾಕುವ ತನಕ ಕೇಕ್ ಮಾಡಬೇಡಿ ಎಂದು ಹಿಂದಿನ ದಿನ ಭಾವನಿಗೆ ಹೇಳಿದೆ. ಆಗಲೇ ಒಲೆಗೆ ಇಟ್ಟಾಗಿದೆ ಎಂದರು ಪುಣ್ಯಾತ್ಮ.

ನೋಂದಣಿ ಕಚೇರಿಯ ಬೆಂಚಿನ ಮೇಲೆ ನಾವೆಲ್ಲ ಕೂತಿದ್ದೆವು. ಅಕ್ಕ ಭಾವ ಅಧಿಕಾರಿಯ ಮೇಜಿನ ಮುಂದೆ ನಿಂತಿದ್ದರು. ಅಧಿಕಾರಿ ಪೆನ್ನು ಮುಂದೆ ಚಾಚಿದ್ದೇ ತಡ, ಅಕ್ಕನ ಫೋನು ಗುರ್ರೆಂದಿತು. ಅಕ್ಕನ ಮುಖ ಬಿಳಿಚಿಕೊಂಡಿತು. ಅಮ್ಮ ನನ್ನ ತೋಳು ಹಿಂಡಿದಳು. ಈ ಸಲವೂ ಇವಳು ಬಿಟ್ಟು ಓಡಿದರೆ ಭಾವ ಕಾಯುತ್ತಾರೋ ಇಲ್ಲವೋ, ಇನ್ನೊಮ್ಮೆ ಬನ್ನಿ ಎಂದು ಅವರನ್ನು ಕರೆಯುವ ಮುಖ ನಮಗಿರಲಿಲ್ಲ.

ಫೋನಿನಲ್ಲಿದ್ದದ್ದು ಅಕ್ಕನ ಸಹೋದ್ಯೋಗಿ; ಆ ದನಿ ನಮ್ಮ ಬೆಂಚಿನವರೆಗೂ ಕೇಳುತ್ತಿತ್ತು. ಆಗಿದ್ದಿಷ್ಟು. ಒಂದು ಶಾಖೆಯವರು ಮದುವೆಗೆ ಶುಭ ಹಾರೈಸಲು ಕುಣಿದು ಹಾಡಿ ವಿಡಿಯೊ ಮಾಡಿದ್ದರು. ಅದನ್ನು ಇಡಲು ಅವರಿಗೆ ಸಿಕ್ಕಿದ್ದು ರೋಗಿಗಳ ಚಿತ್ರಗಳಿರುವ ಜಾಗವೇ. ಎಲ್ಲ ಶಾಖೆಯವರೂ ನೋಡಲಿ ಎಂದು ಆ ಜಾಗದ ಬಾಗಿಲನ್ನೇ ಊರಿಗೆಲ್ಲ ತೆರೆದಿಟ್ಟರು. ಜನರ ಗುಟ್ಟು ಕಾಯುವವಳಿಗೆ ಎಂಥ ಉಡುಗೊರೆ ನೋಡಿ. ಅತ್ತೆಕಣ್ಣು ಕೂಡಲೇ ಕಂಡುಹಿಡಿದು ಬಾಗಿಲು ಮುಚ್ಚಿತ್ತು.

“ಅಷ್ಟರಲ್ಲಿ ಹೊರಗಿನವರು ಯಾರಾದ್ರೂ ನೋಡಿದ್ರಾ?” ಎಂದು ಕೇಳಿದಳು ಅಕ್ಕ.

“ಒಬ್ರೇ, ಮೇಡಂ. ಆ ವಿಡಿಯೊ ಬಿಟ್ಟು ಬೇರೆ ಯಾವುದನ್ನೂ ತೆರೆದಿಲ್ಲ, ಎಲ್ಲ ದಾಖಲಾಗಿದೆ.”

“ಯಾರದು?”

“ವಿಡಿಯೊ ಸರಿಯಾಗಿ ಓಡುತ್ತಾ ನೋಡಿ ಅಂತ ಆ ಶಾಖೆಯವರು ಒಬ್ಬರಿಗೆ ಕಳಿಸಿದ್ರಂತೆ. ನಿಮ್ಮ ಪಕ್ಕದಲ್ಲೇ ಇದ್ದಾರೆ, ಮೇಡಂ.”

ಅಕ್ಕ ನಿಧಾನಕ್ಕೆ ಭಾವನ ಕಡೆ ತಿರುಗಿದಳು. ಪಾಪ, ಅವರು ಸಿಕ್ಕಿಬಿದ್ದ ಕಳ್ಳನ ಹಾಗೆ ಬೋಳುತಲೆ ಸವರಿಕೊಂಡರು.

“ಏನು ನೋಡಿದ್ರಿ?”

“ನಿಮ್ಮ ಆಫೀಸಿನವರು ಕುಣಿಯೋದನ್ನ. ತುಂಬಾ ಕೆಟ್ಟದಾಗಿ ಕುಣೀತಾರೆ.”

“ಆಮೇಲೆ?”

“ಇನ್ನೊಂದು ಸಲ ನೋಡೋಣ ಅಂತ ಒತ್ತಿದೆ. ನಿಮಗೆ ಅನುಮತಿ ಇಲ್ಲ ಅಂತ ಬಂತು.”

ಅಕ್ಕ ನಗಲು ಶುರುಮಾಡಿದಳು. ಎಷ್ಟು ನಕ್ಕಳೆಂದರೆ, ಗೋಡೆಗೆ ಒರಗಿ ನಿಂತಿದ್ದ ಕಚೇರಿಯ ಜವಾನನೂ ನಗತೊಡಗಿದ. ನಿಯಮದ ಪ್ರಕಾರ ಇದರ ವರದಿ ಅದೇ ದಿನ ತಪಾಸಣೆಯವರಿಗೆ ಹೋಗಬೇಕಿತ್ತು. ಹಿಂದೆಲ್ಲ ಅದಕ್ಕೆ ಅಕ್ಕ ಆ ಶಾಖೆಗೇ ಓಡಬೇಕಿತ್ತು. ಈಗ ಎಲ್ಲ ವಿವರ ಸೇರಿ ವರದಿ ಸಿದ್ಧವಾಗಿ ಫೋನಿಗೇ ಬಂತು. ಅಕ್ಕ ಅಲ್ಲೇ ನಿಂತು ಓದಿ, ಒಪ್ಪಿಗೆ ಒತ್ತಿ, ಫೋನನ್ನು ಅಮ್ಮನ ಕೈಗೆ ಕೊಟ್ಟಳು. ಅಮ್ಮ ಅದನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

ಅಧಿಕಾರಿ ಕನ್ನಡಕದ ಮೇಲಿಂದ ನೋಡಿ, ನಿಮ್ಮದು ಇನ್ನೇನಾದರೂ ಬಾಕಿ ಇದೆಯೇ ಎಂದು ಕೇಳಿದರು.

“ಏನೂ ಬಾಕಿ ಇಲ್ಲ, ಸರ್. ಸಹಿ ಎಲ್ಲಿ ಹಾಕ್ಬೇಕು?” ಎಂದಳು ಅಕ್ಕ.

ನಾನು ಹುಟ್ಟಿದಂದಿನಿಂದ ಅವಳ ಬಾಯಲ್ಲಿ ಏನೂ ಬಾಕಿ ಇಲ್ಲ ಎಂಬ ಮಾತು ಕೇಳಿರಲಿಲ್ಲ. ನನಗೆ ಅಳುವೇ ಬಂತು.