ಬಾಗಿಲು ಕಟ್ಟಿ ಹೆಸರು ಕೇಳಿದ ಬಳೆಗಾರ್ತಿ ಅಜ್ಜಿ

ಬಳೆಗಾರ್ತಿ ಅಜ್ಜಿಯ ಕೈಯಲ್ಲಿ ಒಂದೇ ಒಂದು ಬಳೆ ಇರಲಿಲ್ಲ. ಆದರೆ ಆ ಬೋಳು ಕೈಗಳ ಬೆರಳುಗಳಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ಎದುರಿಗೆ ಯಾವ ಹುಡುಗಿ ಬಂದರೂ ಸರಕ್ಕನೆ ಅವಳ ಕೈ ಎಳೆದುಕೊಂಡು, ಹೆಬ್ಬೆರಳಿನ ಬುಡವನ್ನು ಒಳಕ್ಕೆ ಒತ್ತಿ, ಹಿಟ್ಟು ನಾದುವ ಹಾಗೆ ಒಂದೆರಡು ಸಲ ಹಿಚುಕಿ ಬಳೆಯ ಅಳತೆ ಹೇಳಿಬಿಡುವಳು. ನನ್ನನ್ನು ಮೊದಲ ಸಲ ಕಂಡಾಗ ಹೆಸರು ಕೂಡ ಕೇಳಲಿಲ್ಲ. "ಎರಡು ನಾಲ್ಕು" ಅಂದಳು. ಕೈಯನ್ನು ಮತ್ತೊಮ್ಮೆ ತಿರುವಿ ನೋಡಿ, "ಬೆಣ್ಣಿ ಆಗ್ಯಾವಲ್ಲವಾ ಕೈ! ಮನ್ಯಾಗ ಒಂದು ರೊಟ್ಟಿನರ ಬಡದೀಯೇನು?" ಎಂದು ಕೇಳಿದಳು.

"ನನಗ ಬರಂಗಿಲ್ಲ ಅಜ್ಜಿ."

"ಅಯ್ಯ ಶಿವನ! ಒಂದು ಸುಳ್ಳರ ಹೇಳಬಾರದೇನು ತಂಗಿ?"

ಆಕೆ ನಕ್ಕ ರಭಸಕ್ಕೆ ನಾನೂ ನಕ್ಕೆ. ಅಲ್ಲಿಂದ ಶುರುವಾಯಿತು ನಮ್ಮ ಸಂಬಂಧ.

ನಾವು ಕೊಪ್ಪಳದ ಡಿಗ್ರಿ ಕಾಲೇಜಿನ ಹುಡುಗ ಹುಡುಗಿಯರು. ತಿಂಗಳಿಗೊಂದು ಭಾನುವಾರ ಭಾಗ್ಯನಗರದ ಸಮುದಾಯ ಭವನದಲ್ಲಿ ಸುತ್ತಲಿನ ಹಿರಿಯರನ್ನೆಲ್ಲ ಕೂಡಿಸಿ ಕಾರ್ಯಕ್ರಮ ಮಾಡುವ ಹುಕಿ ನಮಗೆ ಹತ್ತಿತ್ತು. ಹುಕಿ ಅಂದರೆ ಎಂಥ ಹುಕಿ! ಫ್ಲೆಕ್ಸು, ಬಲೂನು, ಶಾಲು, ಬಾಡಿಗೆ ಮೈಕು, ಯಾವುದಕ್ಕೂ ಕಡಿಮೆ ಇರಲಿಲ್ಲ. ಮೊದಲನೇ ಸಲ ಅವರನ್ನೆಲ್ಲ ಸಾಲಾಗಿ ಕೂರಿಸಿ, ಶಾಲು ಹೊದಿಸಿ, ಬಿಪಿ ಶುಗರ್ ಬಗ್ಗೆ ನಾನೇ ಭಾಷಣ ಬಿಗಿದೆ. ಪಾಪ, ಉಪ್ಪಿಟ್ಟು ಬರುವತನಕ ಕೈ ಕಟ್ಟಿಕೊಂಡು ಕೇಳಿದರು. ಉಪ್ಪಿಟ್ಟು ಮುಗಿದದ್ದೇ ಭವನ ಖಾಲಿ.

ಎರಡನೇ ಸಲ ನಮ್ಮ ಮಂಜ ಹೊಸ ಉಪಾಯ ಹುಡುಕಿದ. ಮಂಜ ನನ್ನ ಸಹಪಾಠಿ. ಮೈಕು ಸಿಕ್ಕರೆ ಸಾಕು, ಅವನನ್ನು ಹಿಡಿಯುವವರಿಲ್ಲ. "ಭಾಷಣ ಬ್ಯಾಡ, ಪರಿಚಯ ಇಟ್ಕೊಳ್ಳೋಣು" ಅಂದ. ಮುಂದಿನ ಸಾಲಿನ ಅಮ್ಮನೊಬ್ಬಳ ಬಾಯಿಗೆ ಮೈಕು ಹಿಡಿದು, "ನಿಮ್ಮ ಹೆಸರು, ನಿಮ್ಮ ಯಜಮಾನರ ಹೆಸರು ಹೇಳ್ರಿ ಅಮ್ಮಾರ" ಎಂದ. ಆಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಮೈಕನ್ನು ಪಕ್ಕದವಳಿಗೆ ದಾಟಿಸಿದಳು. ಅವಳು ಇನ್ನೊಬ್ಬಳಿಗೆ. ಈಗಷ್ಟೇ ಹಂಚಿನಿಂದ ಇಳಿಸಿದ ರೊಟ್ಟಿಯ ಹಾಗೆ ಮೈಕು ಕೈಯಿಂದ ಕೈಗೆ ಹಾರಿತು. "ನಾಚಿಕಿ ಯಾಕ್ರಿ? ಇದು ಮಾಡರ್ನ್ ಕಾಲ, ಹೇಳ್ರಿ!" ಎಂದು ಮಂಜ ಹುರಿದುಂಬಿಸಿದಷ್ಟೂ ಅವರ ತಲೆಗಳು ಕೆಳಗಾದವು.

ಆಗ ಬಾಗಿಲ ಬಳಿ ಕೂತಿದ್ದ ಬಳೆಗಾರ್ತಿ ಅಜ್ಜಿ ಎದ್ದು ನಿಂತಳು.

"ಏ ತಮ್ಮಾ! ಗಂಡನ ಹೆಸರು ಹಂಗ ರೇಷನ್ ಅಂಗಡ್ಯಾಗ ಕೇಳಿದಂಗ ಕೇಳತಾರೇನು? ದಾರಿ ಕಟ್ಟಬೇಕೋ ಹುಚ್ಚಪ್ಪಾ!"

ಮದುವೆಯಾದ ಹೊಸದರಲ್ಲಿ ಹೊಸ್ತಿಲ ಹತ್ತಿರ ಗಂಡು ಹೆಣ್ಣು ಇಬ್ಬರನ್ನೂ ತಡೆದು, ಒಡಪು ಹಾಕಿ ಒಬ್ಬರು ಇನ್ನೊಬ್ಬರ ಹೆಸರು ಹೇಳುವತನಕ ಒಳಗೆ ಬಿಡದಿರುವುದು ನಮ್ಮ ಕಡೆಯ ಪದ್ಧತಿ. ಒಡಪು ಅಂದರೆ ಪ್ರಾಸ ಕೂಡಿಸಿ ಕಟ್ಟಿದ ಎರಡು ಸಾಲು, ಅದರ ಮಡಿಲಲ್ಲಿ ಹೆಸರು. ನಾನೂ ಮದುವೆಗಳಲ್ಲಿ ನೋಡಿದ್ದೆ. ಆದರೆ ಇದು ಆ ಹೊತ್ತಿನಲ್ಲಿ ನಮ್ಮ ಒಬ್ಬರ ತಲೆಗೂ ಹೊಳೆಯಲಿಲ್ಲವಲ್ಲ!

ಅಜ್ಜಿ ನನ್ನ ಹೆಗಲ ಮೇಲಿನ ವೇಲನ್ನು ಎಳೆದುಕೊಂಡಳು. ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ತಾನು ಹಿಡಿದು, ಊಟದ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು. ಒಳಗೆ ಬಿಸಿ ಮಿರ್ಚಿ ಭಜಿಯ ವಾಸನೆ ಘಮ್ಮೆನ್ನುತ್ತಿತ್ತು. "ಒಡಪು ಹಾಕಿದವರಿಗೆ ಮಿರ್ಚಿ. ಹಾಕದವರು ಇಲ್ಲೇ ನಿಂತು ವಾಸನಿ ತಗೋರಿ!"

ಮೊದಲು ಮೈಕು ದಾಟಿಸಿದ್ದ ಅದೇ ಅಮ್ಮ ಎದ್ದು ಬಂದು, ಸೊಂಟಕ್ಕೆ ಸೆರಗು ಸಿಗಿಸಿ, ಒಂದೇ ಉಸಿರಿನಲ್ಲಿ ಅಂದಳು:

"ಕುಷ್ಟಗಿ ಸಂತ್ಯಾಗ ಕೊಂಡಿದ್ದೆ ಕೆಂಪನ್ನ ಸೀರಿ,
ಬಸಪ್ಪನೋರು ಬರತಾರ, ಬಿಡ್ರೆವ್ವ ದಾರಿ!"

ಭವನದ ತಗಡು ಹಾರಿಹೋಗುವಂಥ ಕೇಕೆ! ಹಿಂದಿನಿಂದ ಇನ್ನೊಬ್ಬಳು ನುಗ್ಗಿದಳು:

"ಗಂಗಾವತಿ ಅಕ್ಕಿಗೆ ಕಾಲಿವಿ ನೀರು,
ದೇವಪ್ಪನೋರು ಉಂಡೆದ್ದು ಕೇಳತಾರ ಇನ್ನಷ್ಟು ಸಾರು!"

ಗಂಡಸರೇನು ಕಡಿಮೆಯೇ? ಬಸ್ ಕಂಡಕ್ಟರ್ ಆಗಿ ನಿವೃತ್ತರಾಗಿದ್ದ ಮುತ್ಯಾ ಒಬ್ಬರಿದ್ದರು, ಕಿಸೆಯಲ್ಲಿ ಇನ್ನೂ ಸೀಟಿ ಇಟ್ಟುಕೊಂಡೇ ತಿರುಗುವವರು. ಪೀ ಎಂದು ಊದಿ ಮುಂದೆ ಬಂದರು:

"ಸೀಟಿ ಊದಿ ಬಸ್ಸು ಬಿಟ್ಟೆ ಯಲಬುರ್ಗಾ ಊರಿಗೆ,
ಗೌರವ್ವ ಕಣ್ಣು ಬಿಟ್ಟಳಂದ್ರ ಬ್ರೇಕು ನನ್ನ ಬಾಯಿಗೆ!"

ನಾನು ನಕ್ಕು ನಕ್ಕು ವೇಲಿನ ತುದಿ ಬಿಟ್ಟೇಬಿಟ್ಟಿದ್ದೆ. ಅಜ್ಜಿ ಬೈದಳು, "ಗಟ್ಟಿ ಹಿಡಿ! ಮಿರ್ಚಿ ಕಂಡು ಕಳ್ಳರು ನುಗ್ಗತಾರ!"

ಆದರೆ ಆಕೆಯ ಕಣ್ಣು ಹಿಂದಿನ ಗೋಡೆಯ ಮೇಲಿತ್ತು. ಅಲ್ಲಿ ಕೆಲವು ಹೆಂಗಸರು ಒತ್ತೊತ್ತಾಗಿ ನಿಂತಿದ್ದರು. ಗಂಡನನ್ನು ಕಳೆದುಕೊಂಡವರು. ಒಡಪು ಮುತ್ತೈದೆಯರದು, ನಮ್ಮದಲ್ಲ ಎಂದು ತಾವಾಗಿಯೇ ಹಿಂದೆ ಸರಿದಿದ್ದರು. ಯಾರೂ ಅವರಿಗೆ ಹಿಂದೆ ನಿಲ್ಲಿ ಅಂದಿರಲಿಲ್ಲ. ಮುಂದೆ ಬನ್ನಿ ಎಂದೂ ಅಂದಿರಲಿಲ್ಲ.

"ಅಲ್ಲೇನ ನಿಂತೀರಬೇ?" ಅಜ್ಜಿ ಕೂಗಿದಳು. "ಗಂಡ ಹೋಗ್ಯಾನ. ಹೆಸರೂ ಹೋಗೇತೇನು? ಬರ್ರಿ ಇಲ್ಲೆ!"

ಅವರು ಅಲುಗಾಡಲಿಲ್ಲ. ಆಗ ಅಜ್ಜಿ ತನ್ನ ಬೋಳು ಕೈಯನ್ನು ಮೇಲೆತ್ತಿ ತಾನೇ ಶುರು ಮಾಡಿದಳು:

"ಕನಕಗಿರಿ ಸಂತ್ಯಾಗ ಹರವಿದ್ದೆ ಹಸರ ಬಳಿ,
ಈರಪ್ಪನೋರು ಕೊಡಿ ಹಿಡದ್ರು, ಹತ್ತಲಿಲ್ಲ ನನಗ ಮಳಿ!"

ಗೋಡೆಯ ಹತ್ತಿರದ ಒಬ್ಬಳು ಬಿಕ್ಕಿದಳು, ಬಿಕ್ಕುತ್ತಲೇ ನಕ್ಕಳು, ಮತ್ತೆ ಮುಂದೆ ಬಂದಳು. ಒಬ್ಬಳ ಹಿಂದೆ ಒಬ್ಬಳು. ಎಷ್ಟೋ ವರ್ಷದಿಂದ ಬಾಯಿಗೆ ಬಾರದ ಹೆಸರುಗಳು ಹೊರಬಿದ್ದವು. ಮಿರ್ಚಿ ಆರಿ ತಣ್ಣಗಾದದ್ದು ಯಾರ ಗಮನಕ್ಕೂ ಬರಲಿಲ್ಲ.

ಅವತ್ತು ಎಲ್ಲರೂ ಹೋದ ಮೇಲೆ ಚಹಾದ ಲೋಟ ತೊಳೆಯುತ್ತ ನಾನು ಕೇಳಿದೆ, "ಅಜ್ಜಿ, ನಿನ್ನ ಹೆಸರಿಗೆ ಅಜ್ಜ ಏನು ಒಡಪು ಹಾಕಿದ್ದ?"

ಅಜ್ಜಿ ಇನ್ನೊಂದು ಲೋಟ ಎತ್ತಿಕೊಂಡಳು. "ಹಾಕಲಿಲ್ಲ ತಂಗಿ. ಭಾಳ ನಾಚಿಕಿ ಮನಷ್ಯಾ. ಮದುವ್ಯಾಗ ದಾರಿ ಕಟ್ಟಿದ್ರ, ತಡದವರ ಕೈ ಕೆಳಗ ನುಸುಳಿ ಒಳಗ ಓಡಿಹೋದ. ಎಲ್ಲಾರೂ ಹೋ ಅಂದ್ರು. ರಾತ್ರಿ ಅಂದ, ಮುಂದ ಹೇಳತೀನಿ ಅಂತ. ಮುಂದ ಮುಂದ ಅಂತ ಹೋಗೇಬಿಟ್ಟ. ನಾ ಬಳಿ ಗಂಟು ಹೊತ್ತು ಊರೂರು ತಿರುಗಿದೆ. ಬಳಿಗಾರ್ತಿ ಬಂದ್ಲು ಅಂದ್ರು. ಅವ್ವ ಅಂದ್ರು, ಅಜ್ಜಿ ಅಂದ್ರು. ನಾಲ್ಕು ಮಂದ್ಯಾಗ ಒಂದ ಸಲ ನನ್ನ ಹೆಸರು ಒಡಪಿನ್ಯಾಗ ಕೇಳಬೇಕು ಅಂತ ಭಾಳ ಆಸೆ ಇತ್ತು."

"ಏನು ನಿನ್ನ ಹೆಸರು?"

ಕಿವಿಯಲ್ಲಿ ಹೇಳಿದಳು. ಹೇಳಿ, ಒದ್ದೆ ಬೆರಳು ತೋರಿಸಿ ಎಚ್ಚರಿಸಿದಳು, "ಬಾಯಿಗೆ ಬಂದಂಗ ಎಲ್ಲೆಂದ್ರಲ್ಲಿ ಹೇಳಬ್ಯಾಡ ಮತ್ತ. ಯಾರರ ದಾರಿ ಕಟ್ಟಿ ಕೇಳಿದ್ರ ಮಾತ್ರ."

ನನಗೆ ನಿದ್ದೆ ಎಲ್ಲಿ ಬರಬೇಕು! ಮರುದಿನ ಮಂಜನಿಗೆ ಹೇಳಿದೆ. ಮಂಜ ಕುಣಿದಾಡಿದ. ಇಬ್ಬರೂ ಮುತ್ಯಾನ ಮನೆಗೆ ಹೋದೆವು. ಅಜ್ಜಿಯ ಹೆಸರಿಗೆ ನೀವೇ ಮೊದಲ ಒಡಪು ಹಾಕ್ರಿ ಎಂದರೆ ಮುತ್ಯಾ ಹೌಹಾರಿದರು. "ನಾ ಬ್ಯಾರೆ ಹೆಣಮಗಳ ಹೆಸರು ಹೇಳಿದ್ರ ನನ್ನ ಗೌರವ್ವ ಲಟ್ಟಣಗಿ ತಗೊಂಡು ಬರ್ತಾಳ! ಹೆಣಮಕ್ಕಳು ಹಾಕಲಿ. ನಾ ಸೀಟಿ ಊದತೀನಿ." ಅದೇ ಸರಿ ಅನಿಸಿತು. ಆ ತಿಂಗಳೆಲ್ಲ ನಾವು ಮನೆಮನೆಗೆ ಹೋಗಿ ಗುಟ್ಟಾಗಿ ಸುದ್ದಿ ಮುಟ್ಟಿಸಿದೆವು. ಅಮ್ಮಂದಿರ ಕಣ್ಣಲ್ಲಿ ಮದುವೆ ಮನೆಯ ಮಿಂಚು. ಒಬ್ಬಳಂತೂ ರೊಟ್ಟಿ ಬಡಿಯುತ್ತ, ಪ್ರಾಸ ಸಿಗದೆ, ಹಂಚಿನ ಮೇಲಿನ ರೊಟ್ಟಿ ಸೀಯಿಸಿಬಿಟ್ಟಳು.

ಆ ಭಾನುವಾರ ಬಂತು. ಅಜ್ಜಿಗೆ ಏನೂ ಗೊತ್ತಿಲ್ಲ. ಹೋದ ಸಲದಂತೆ ನನ್ನ ವೇಲು ಕಸಿದು ಬಾಗಿಲಿಗೆ ಅಡ್ಡ ನಿಂತಳು. ಈ ಸಲ ಇನ್ನೊಂದು ತುದಿ ಮಂಜನ ಕೈಯಲ್ಲಿತ್ತು. ಮುತ್ಯಾ ಸೀಟಿ ಊದಿದರು. ಮೊದಲು ಹೋದವಳು ನಾನು.

"ಮದುವಿ ಆಗದಾಕಿ, ನಿನಗ್ಯಾವ ಗಂಡ ಸಿಕ್ಕನೇ?" ಎಂದು ಅಜ್ಜಿ ಕಣ್ಣು ಕಿರಿದು ಮಾಡಿದಳು.

"ಗಾಜಿನ ಬಳಿ ಘಲ್ ಅಂದ್ರ ಊರಿಗೆಲ್ಲಾ ಹಬ್ಬ..." ಎಂದೆ. ಎರಡನೇ ಸಾಲಿನಲ್ಲಿ ಅವಳ ಹೆಸರಿತ್ತು.

ಅಜ್ಜಿಯ ಮುಖದ ನಗು ನಿಂತಿತು. ನನ್ನ ಹಿಂದಿದ್ದ ಅಮ್ಮ ಬಂದಳು, ಬೇರೆ ಒಡಪು, ಅದೇ ಹೆಸರು. ಅವಳ ಹಿಂದೆ ಮತ್ತೊಬ್ಬಳು. ಹೋದ ಸಲ ಗೋಡೆಗೆ ಅಂಟಿ ನಿಂತಿದ್ದವರೆಲ್ಲ ಬಂದರು. ಅದೇ ಹೆಸರು, ಅದೇ ಹೆಸರು! ಅಜ್ಜಿಯ ಕೈಯಿಂದ ವೇಲು ಜಾರಿತು. ಸೆರಗನ್ನು ಮುಖಕ್ಕೆ ಎಳೆದುಕೊಂಡು ಹೊಸ ಮದುವಣಗಿತ್ತಿಯ ಹಾಗೆ ನಿಂತಳು. ಭುಜ ಅಲುಗಾಡುತ್ತಿತ್ತು. ಅಳುತ್ತಿದ್ದಾಳೆಂದು ನಾನು ಹತ್ತಿರ ಓಡಿದರೆ, ಸೆರಗಿನೊಳಗಿಂದ ದನಿ ಬಂತು:

"ಏ, ಹಿಂದಿನವರಿಗೆ ಕೇಳಿಸಿಲ್ಲ. ಆ ಮೈಕು ಹಚ್ಚಿ ಇನ್ನೊಮ್ಮೆ ಹೇಳ್ರಿ!"

ಹೇಳಿದೆವು. ಗಂಟಲು ಹರಿಯುವ ಹಾಗೆ ಹೇಳಿದೆವು. ನನ್ನ ಬದುಕಿನಲ್ಲಿ ಅಷ್ಟು ಖುಷಿಯ ದಿನ ಇನ್ನೊಂದು ಬಂದಿಲ್ಲ.

ನಾನೀಗ ಗಂಗಾವತಿಯಲ್ಲಿ ಕೆಲಸದಲ್ಲಿದ್ದೇನೆ. ಭಾನುವಾರದ ಕೂಟವನ್ನು ಹೊಸ ಹುಡುಗರು ನಡೆಸುತ್ತಾರೆ, ಬಾಗಿಲು ಕಟ್ಟುವುದನ್ನು ಯಾರೂ ಬಿಟ್ಟಿಲ್ಲ. ಹೋದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಮಂಜ ಫೋನು ಮಾಡಿದ. "ಅಜ್ಜಿ ಹೋದ್ಲು" ಅಂದ. ಸಿಕ್ಕ ಬಸ್ಸು ಹತ್ತಿ ಭಾಗ್ಯನಗರಕ್ಕೆ ಬಂದೆ. ಅಜ್ಜಿಯ ಮನೆಯ ಮುಂದೆ ನಮ್ಮ ಕೂಟದವರೆಲ್ಲ ಕೂತಿದ್ದರು. ಹೊಸ್ತಿಲ ಹತ್ತಿರ ಹೋದೆ, ಕಾಲು ಒಳಗೆ ಬರಲಿಲ್ಲ. ಆಗ ಬಸಪ್ಪನೋರ ಹೆಸರು ಹೇಳಿದ್ದ ಆ ಅಮ್ಮ ಎದ್ದು ಬಂದು, ಅಳುತ್ತಲೇ ಬಾಗಿಲಿಗೆ ಕೈ ಅಡ್ಡ ಇಟ್ಟಳು.

"ಹೆಸರು ಹೇಳಿ ಒಳಗ ಹೋಗವಾ" ಅಂದಳು.

ಹೇಳಿದೆ. ಗಾಜಿನ ಬಳೆಯ ಸಾಲನ್ನೂ ಹೇಳಿದೆ, ಅದರ ಮುಂದಿನದನ್ನೂ ಹೇಳಿದೆ. ಅಮ್ಮ ಕೈ ತೆಗೆದಳು. ಒಳಗೆ ಹೋಗಿ ಅಜ್ಜಿಯ ಬೋಳು ಕೈಯನ್ನು ನನ್ನ ಕೈಯಲ್ಲಿ ಹಿಡಿದು ತುಂಬಾ ಹೊತ್ತು ಕೂತೆ.

ಆ ಹೆಸರನ್ನು ಇಲ್ಲಿ ಬರೆದಿಲ್ಲ. ಎಲ್ಲೆಂದರಲ್ಲಿ ಹೇಳಬೇಡ ಎಂದಿದ್ದಾಳೆ. ನಿಮಗೆ ಬೇಕಿದ್ದರೆ ಒಂದು ಭಾನುವಾರ ಭಾಗ್ಯನಗರಕ್ಕೆ ಬಂದು ನನ್ನ ದಾರಿ ಕಟ್ಟಿರಿ, ಹೇಳುತ್ತೇನೆ.