ಆಟೋದೊಳಗಿನ ಅಲ್ಲಾಭಕ್ಷ್

ಅಲ್ಲಾಭಕ್ಷನ ಗಂಟಲಲ್ಲಿ ಒಂದು ಊರೇ ಬಾಡಿಗೆಗಿತ್ತು. ಮಸ್ಕಿಯ ಮದುವೆಗಳಲ್ಲಿ ಎಮ್ಮೆಯಿಂದ ಮಂತ್ರಿಯವರೆಗೆ ಎಲ್ಲರ ದನಿ ತೆಗೆಯುತ್ತಿದ್ದ. ದನದ ದನಿಗೇ ಚಪ್ಪಾಳೆ ಹೆಚ್ಚು. ಆಮೇಲೆ ಲಿಂಗಸುಗೂರಿನ ರೆಕಾರ್ಡಿಂಗ್ ಸ್ಟುಡಿಯೊದವರು ಕೂರಿಸಿಕೊಂಡು ಕಂಚಿನಂಥ ಒಂದು ದೊಡ್ಡ ದನಿ ರೂಢಿ ಮಾಡಿಸಿದರು. ಸಿಂಧನೂರಿನ ಆಟೋ ಮೈಕುಗಳಲ್ಲಿ ಇಪ್ಪತ್ತು ವರ್ಷ ಅದೇ ದನಿ: ಸೀರೆ ಸೇಲು, ನಾಟಕ ಕಂಪನಿ, ಕಳೆದುಹೋದ ಹೋರಿ.

ಎರಡು ವರ್ಷದ ಹಿಂದೆ ಅಲ್ಲಿನ ನಗರಸಭೆ ಕಚೇರಿಯಿಂದ ಕರೆ ಬಂತು. ಹತ್ತು ದಿನದ ರಸ್ತೆ ಕೆಲಸಕ್ಕೆ ಒಂದು ಪ್ರಕಟಣೆ: "ಬೀದಿ ವ್ಯಾಪಾರಸ್ಥರೇ, ಕೂಡಲೇ ಜಾಗ ಖಾಲಿ ಮಾಡಿ. ದಯವಿಟ್ಟು ಸಹಕರಿಸಿ." ಒಂದೇ ಉಸಿರಿಗೆ ಓದಿ ರೆಕಾರ್ಡ್ ಮಾಡಿಸಿ, ಚಹಾ ಕುಡಿದು ಬಂದ. ರಸ್ತೆ ಮುಗಿಯಿತು, ಪ್ರಕಟಣೆ ಮುಗಿಯಲಿಲ್ಲ.

ಈ ವರ್ಷ ಅದೇ ಕಚೇರಿಯವರು ಬಸ್‌ಸ್ಟ್ಯಾಂಡಿನ ಹಿಂದಿನ ಗಾಡಿಗಳ ಸಾಲನ್ನು ಕಾಯಮ್ಮಾಗಿ ಎಬ್ಬಿಸಲು ಹೊರಟರು. ಅವನ ಹೆಂಡತಿ ದಾವಲ್‌ಬೀಯ ಬಳೆ ಗಾಡಿಯನ್ನು ಟ್ರ್ಯಾಕ್ಟರಿಗೆ ಎತ್ತಿ ಹಾಕಿದಾಗ, ಒಡೆದ ಬಳೆ ಆರಿಸುತ್ತಿದ್ದ ಅಲ್ಲಾಭಕ್ಷ್ ಎದ್ದುಹೋಗಿ ಟ್ರ್ಯಾಕ್ಟರಿಗೆ ಅಡ್ಡ ನಿಂತ. ಮಿಮಿಕ್ರಿ ಶುರುವಾಯಿತೆಂದು ಜನ ಸೇರಿದರು. ಹಾಗೆ ಅವನು ಬೀದಿ ವ್ಯಾಪಾರಿಗಳ ಮುಖಂಡನಾದ; ಸಾಲಿನವರೆಲ್ಲ ಅಲ್ಲೇ ಧರಣಿ ಕೂತರು.

ಧರಣಿಯ ಐದನೆಯ ಬೆಳಿಗ್ಗೆ ಮೈಕು ಕಟ್ಟಿದ ಭೀಮೇಶನ ಆಟೋ ಬಂತು. ಒಳಗಿಂದ ಅಲ್ಲಾಭಕ್ಷನೇ ಕೂಗುತ್ತಿದ್ದ: ಜಾಗ ಖಾಲಿ ಮಾಡಿ.

ಮೆಣಸಿನಕಾಯಿ ಮಾರುವ ಸಂಗಮ್ಮ ತಿರುಗಿ ನೋಡಿದಳು. "ಅಣ್ಣಾ, ಇಲ್ಲಿ ಕುಂದರ್ರಿ ಅಂತಿ, ಅಲ್ಲಿ ಏಳ್ರಿ ಅಂತಿ. ನಿನ್ನ ಯಾವ ಮಾತು ಕೇಳಬೇಕು ನಾವು?"

"ಅದು ಹಳೇದವ್ವಾ!"

"ದನಿ ಹೊಸಾದ ಐತಲ್ಲ."

ಹಿಂದೆ ಹಣ್ಣಿನವರಿಬ್ಬರು ಮೆಲ್ಲಗೆ ತಾಡಪಾಲು ಮಡಚತೊಡಗಿದರು. ಇಂದು ಎದ್ದರೆ ನಾಳೆ ಯಾರಿಗೂ ಗಾಡಿ ನಿಲ್ಲಿಸಲು ಜಾಗವಿಲ್ಲ. ಅಲ್ಲಾಭಕ್ಷ್ ಆಟೋದ ಬೆನ್ನು ಹತ್ತಿದ.

"ಭೀಮೇಶಾ, ನನ್ನ ದನಿ ನನಗ ಕೊಡೋ!"

"ಪೆನ್‌ಡ್ರೈವ್ ಆಫೀಸಿಂದಣ್ಣಾ. ನಾ ಬರೇ ಗಾಡಿ ಹೊಡ್ಯಾಂವ."

ಕಚೇರಿಗೆ ಹೋದರೆ ಗುಮಾಸ್ತ ನಕ್ಕ. "ಹಳೇದು ಬ್ಯಾಡಂದ್ರ ಹೊಸಾದೊಂದು ಓದಿ ಕೊಡ್ರಿ. ಇವತ್ತಿನ ತಾರೀಖು ಹಾಕೋಣು."

ಅಲ್ಲಾಭಕ್ಷ್ ವಾಪಸ್ ಬಂದು ಧರಣಿಯ ಮೈಕು ಹಿಡಿದು, ಅದೇ ಕಂಚಿನ ದನಿಯಲ್ಲಿ, ಆಟೋದೊಳಗೆ ಕೂಗುವವನು ಸುಳ್ಳ ಎಂದು ಸಾರಿದ. ಸಂಗಮ್ಮ ಬಿಡಲಿಲ್ಲ. "ಹೋದ ದೀಪಾವಳಿಗೆ ಎದುರಾಬದುರಾ ಎರಡು ಸೀರಿ ಅಂಗಡಿಗೂ ನೀನ ಒದರಿದಿ. ಎರಡೂ ಕಡೆ 'ಇಲ್ಲೇ ಅಗ್ಗ' ಅಂದಿ. ಸುಳ್ಳೇನು?"

ಸುಳ್ಳಲ್ಲ. ಅವನು ಮೈಕು ಕೆಳಗಿಟ್ಟ. ಗಂಟಲಿಗೆ ಏನನ್ನೂ ತೊಡಿಸದೆ ಮಾತಾಡಿದ. ಒಣಗಿದ ತೊಗರಿಕಾಯಿ ಅಲ್ಲಾಡಿಸಿದಂಥ ಸಣ್ಣ ದನಿ. "ಏಳಬ್ಯಾಡ್ರಿ. ಅವತ್ತು ದುಡ್ಡಿಗೆ ಓದೀನಿ, ತಪ್ಪಾಗ್ಯಾದ. ಇವತ್ತು ನನ್ನ ಮನಿ ಗಾಡಿನೂ ಹೋಗ್ಯಾದ."

ಸಾಲಿಗೆ ಸಾಲೇ ನಕ್ಕಿತು. "ಇದ್ಯಾರ ಮಿಮಿಕ್ರಿನಪಾ? ಭಾರೀ ಐತಿ!"

ಇನ್ನು ಯಾವ ದನಿಯಲ್ಲಿ ಹೇಳುವುದು?

ದಾವಲ್‌ಬೀ ಎದ್ದಳು. "ನಗಬ್ಯಾಡ್ರಿ. ಅದು ಅವರದ ದನಿ. ಮನ್ಯಾಗ ಹಿಂಗ ಮಾತಾಡ್ತಾರ. ಹೊರಗ ತೆಗದದ್ದು ಇವತ್ತ."

ನಗು ನಿಂತಿತು. ಹಣ್ಣಿನವರಲ್ಲಿ ಒಬ್ಬ ತಾಡಪಾಲು ಮತ್ತೆ ಬಿಚ್ಚಿದ; ಇನ್ನೊಬ್ಬ ಹೊರಟೇ ಹೋದ. ಉಳಿದವರು ಕೂತರು.

ಅರ್ಧ ಗಂಟೆಗೆ ಆಟೋ ಮತ್ತೆ ಬಂತು. ದಯವಿಟ್ಟು ಸಹಕರಿಸಿ ಎಂದಿತು.

"ಏ, ಬಾಯಿ ಮುಚ್ಚಲೇ ಅಲ್ಲಾಭಕ್ಷ್ಯಾ!" ಸಂಗಮ್ಮ ಆಟೋದ ಕಡೆ ಗದರಿದಳು. ಪಕ್ಕದಲ್ಲಿ ಅವನು ತಲೆ ತಗ್ಗಿಸಿದ್ದು ಕಂಡು ಮೆತ್ತಗೆ ಹೇಳಿದಳು: "ನಿನಗಲ್ಲಪಾ, ನೀ ಕುಂದರು."