ಸೂಜಿಗೊಂದು ಸಲ, ದಾರಕ್ಕೊಂದು ಸಲ

ಸಂಜೆ ನಾಲ್ಕು ಗಂಟೆ ಹದಿನೇಳು ನಿಮಿಷಕ್ಕೆ ಮಿರ್ನಾ ಮಾನ್ಸಿಲ್ಲಾ ಚಹಾದಂತೆ ಕುಡಿಯುವ ಮಾತೆ ಎಂಬ ಸೊಪ್ಪಿನ ಮೇಲೆ ಬಿಸಿನೀರು ಹೊಯ್ಯುತ್ತಿದ್ದಳು. ಆಗ ಕಡಲಾಚೆಯ ನವಾರಿನೊ ದ್ವೀಪದ ಆಸ್ಪತ್ರೆಯಿಂದ ನರ್ಸ್ ಎಲ್ಬಾಳ ಫೋನ್ ಬಂತು. ಏಡಿ ಹಿಡಿಯುವ ದೋಣಿಯವನೊಬ್ಬನಿಗೆ ಗಾಯದ ನಂಜು ಏರಿತ್ತು. ಅವನ ಮೈಗೆ ಯಾವ ಔಷಧಿ ಒಗ್ಗದು ಎಂಬ ದಾಖಲೆ ಇದ್ದದ್ದು ಪುಂತಾ ಅರೆನಾಸ್ ನಗರದಲ್ಲಿ, ನಮ್ಮ ಕಚೇರಿಯ ಕಂಪ್ಯೂಟರಿನಲ್ಲಿ. ದ್ವೀಪದ ಪರದೆಯ ಮೇಲೆ ಚಕ್ರ ಸುಮ್ಮನೆ ತಿರುಗುತ್ತಿತ್ತು.

"ನಿಮ್ಮ ಯಂತ್ರಕ್ಕೆ ನಿದ್ದೆ ಹತ್ತಿದೆ ಕಣೇ. ಇವನಿಗೆ ಹತ್ತಿಲ್ಲ," ಎಂದಳು ಎಲ್ಬಾ.

ಮಿರ್ನಾ ಇಡೀ ದಾಖಲೆಯನ್ನು ಒಂದೇ ಉಸಿರಿಗೆ ಓದಿ ಹೇಳಿದಳು. ಪೆನಿಸಿಲಿನ್ ಆಗದು. ಎಲ್ಬಾ ಬೇರೆ ಔಷಧಿ ಕೊಟ್ಟಳು, ಅವನು ಬದುಕಿದ.

ಮಿರ್ನಾಗೆ ಸಿಟ್ಟು ಬಂದದ್ದು ಆಮೇಲೆ. ಆ ಪ್ರೋಗ್ರಾಮು ಬರೆದವನು ಪಕ್ಕದ ಮೇಜಿನ ಇವೊ ಬಾರಿಯೆಂತೊಸ್, ಅದೇ ದ್ವೀಪದ ಹುಡುಗ. ಚೆಲುವಾದ ಬರವಣಿಗೆ: ಒಂದೊಂದೇ ಕೆಲಸ ಮಾಡುವ ಪುಟ್ಟ ಪುಟ್ಟ ಫಂಕ್ಷನ್‌ಗಳು, ಒಂದು ಇನ್ನೊಂದರ ಕೆಲಸವನ್ನು ಕೆಡಿಸುವುದಿಲ್ಲ. ಆದರೆ ಒಂದೊಂದು ಔಷಧಿಗೂ ಒಂದು ಪ್ರಶ್ನೆ ದ್ವೀಪದಿಂದ ಉಪಗ್ರಹದವರೆಗೆ ಏರಿ, ನಗರಕ್ಕೆ ಇಳಿದು, ಉತ್ತರ ಹೊತ್ತು ಮರಳಿದ ಮೇಲೆಯೇ ಮುಂದಿನದು ಹೊರಡುತ್ತಿತ್ತು. ಬರಹದಲ್ಲಿ ಅದು ಕೂಡುವ ಲೆಕ್ಕದಷ್ಟೇ ಸಲೀಸಾಗಿ ಕಾಣುತ್ತಿದ್ದುದರಿಂದ ಆ ಪ್ರಯಾಣ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ವೇಗ ಹೆಚ್ಚಿಸಲು ದ್ವೀಪಕ್ಕೆ ದೊಡ್ಡ ಡಿಶ್ ಆಂಟೆನಾ ಬೇಕೆಂದ ಇವೊ. ನಮ್ಮ ಮೇಲಧಿಕಾರಿ ದೋನ್ಯಾ ನೆರಿನಾ ಒಪ್ಪುವುದರಲ್ಲಿದ್ದರು.

ಮಿರ್ನಾ ಸಿಟ್ಟಿಗೆ ಕೂಗುವವಳಲ್ಲ, ಕನ್ನಡಕ ತೆಗೆದಿಡುತ್ತಾಳೆ. ಅಂದು ತೆಗೆದಿಟ್ಟಳು.

"ಡಿಶ್ ದೊಡ್ಡದಾದ್ರೆ ಆಕಾಶ ಹತ್ರ ಬರುತ್ತೇನೋ? ಪಕ್ಕದ್ಮನೆಯವರು ಪೇಟೆಗೆ ಅಂತ ಹಡಗು ಹತ್ತಿದ್ರೆ ನಿಮ್ಮಮ್ಮ ಏನ್ ಮಾಡ್ತಿದ್ರು, ಹೇಳು."

ಬೇಕಾದ್ದೆಲ್ಲ ಅವರಿಗೇ ಹೇಳಿ ಕಳಿಸುತ್ತಿದ್ದರು, ಇಡೀ ಬೀದಿಯೇ ಹಾಗೆ ಮಾಡುತ್ತಿತ್ತು ಎಂದು ಇವೊ ತಲೆ ತಗ್ಗಿಸಿದ.

"ಮತ್ತೆ ಸೂಜಿಗೊಂದ್ಸಲ, ದಾರಕ್ಕೊಂದ್ಸಲ ಹೋಗೋದನ್ನ ಯಾರು ಕಲಿಸಿದ್ರು?"

"ಪಾಠದಲ್ಲಿ ಹೀಗೇ ಇತ್ತು ಅಕ್ಕಾ."

"ಪಾಠ ಬರೆದೋರು ನಮ್ಮ ಹಡಗು ಹತ್ತಿರ್ಲಿಲ್ಲ."

ಆ ವಾರವೆಲ್ಲ ಅವಳು ಸಿಟ್ಟಿನಲ್ಲೇ ಕೆಲಸ ಮಾಡಿದಳು. ಇನ್ನು ಫಂಕ್ಷನ್ ತಾನೇ ಹೋಗಿ ತರುವುದಿಲ್ಲ, ಬೇಕಾದ್ದನ್ನು ಹೇಳುತ್ತದೆ ಅಷ್ಟೆ. ಒಂದರ ಉತ್ತರಕ್ಕೆ ಇನ್ನೊಂದು ಕಾಯಬೇಕಿಲ್ಲದ ಪ್ರಶ್ನೆಗಳೆಲ್ಲ ಒಂದೇ ಗಂಟಾಗಿ ಹೊರಡುತ್ತವೆ. ಉತ್ತರಗಳೂ ಗಂಟಾಗಿಯೇ ಬಂದು ಕೇಳಿದವರಿಗೆ ಹಂಚಿಹೋಗುತ್ತವೆ. ಒಂದನ್ನೊಂದು ಕೆಡಿಸದ ಫಂಕ್ಷನ್‌ಗಳಾದ್ದರಿಂದ ಸರದಿ ಬದಲಾದರೂ ಫಲಿತಾಂಶ ಬದಲಾಗದು. ಇವೊನ ಬರಹದಲ್ಲಿ ಬದಲಿಸಬೇಕಾಗಿ ಬಂದದ್ದು ತೀರ ಕಡಿಮೆ. ಅದರಿಂದ ಅವಳ ಸಿಟ್ಟು ಇನ್ನೂ ಏರಿತು. ಇಷ್ಟು ಸುಲಭದ ಕೆಲಸಕ್ಕಾಗಿ ಒಬ್ಬ ಮನುಷ್ಯ ನರಳುತ್ತ ಕಾದಿದ್ದ.

ಡಿಶ್ ಬೇಡವೆನ್ನುವ ಮೊದಲು ದೋನ್ಯಾ ನೆರಿನಾ ಒಂದು ಮಾತು ಕೇಳಿದರು: ಔಷಧಿ ಎಷ್ಟೇ ಇರಲಿ, ಒಬ್ಬ ರೋಗಿಗಾಗಿ ಈಗ ಪ್ರಶ್ನೆ ಎಷ್ಟು ಸಲ ಹೋಗಿಬರಬೇಕು?

ಕನ್ನಡಕ ಇನ್ನೂ ಮೇಜಿನ ಮೇಲೆಯೇ ಇತ್ತು.

"ಒಂದು," ಎಂದಳು ಮಿರ್ನಾ.